ವಾಡೆಯ ದನಿಗೆ ಬಿದ್ದ ಹೂ

"ಹೂ ಕೇಳ್ಬುಡಾನ," ಅಂದ ಬೊಮ್ಮಪ್ಪ, ಹಾರ್ಮೋನಿಯಂ ಮೇಲಿಂದ ಕೈ ತೆಗೆದು. "ಎರಡರಾಗೆ ಯಾವ ದನಿಗೆ ಸ್ವಾಮಿ ಬಲಕ್ಕೆ ಹೂ ಕೊಡ್ತಾನೋ ಆ ದನಿ ಭಜನೆಗೆ. ಎರಡಕ್ಕೂ ಕೊಡ್ಲಿಲ್ವಾ, ನಿನ್ನ ಗಿಟಾರು ಇನ್ ಮನೇಗೇ ಕಣಮ್ಮ."

ಲೋಹಿತಾ ಗಿಟಾರನ್ನು ಮಡಿಲಿಗೆ ಎಳೆದುಕೊಂಡಳು. ಮಿಡಿಗೇಶಿಯ ಆ ಪುಟ್ಟ ಆಂಜನೇಯನ ಗುಡಿಯಲ್ಲಿ ಪೂಜೆಯೂ ಶನಿವಾರದ ಭಜನೆಯೂ ಅವಳ ದೊಡ್ಡಪ್ಪ ಬೊಮ್ಮಪ್ಪನದೇ. ಹೋದ ವಾರ ಅವಳು ಎಲೆಕ್ಟ್ರಿಕ್ ಗಿಟಾರನ್ನು ಗುಡಿಯ ಸ್ಪೀಕರಿಗೆ ನೇರವಾಗಿ ಸಿಕ್ಕಿಸಿ ಮೀಟಿದ್ದಳು. ಜೀರುಂಡೆ ತಗಡಿನ ಡಬ್ಬಿಗೆ ಬಿದ್ದಂತೆ ಸದ್ದೆದ್ದು, ಕೂತವರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಮಧುಗಿರಿಯ ಕೋರ್ಟಿನಲ್ಲಿ ವಾರವಿಡೀ ಟೈಪು ಕುಟ್ಟುವವಳಿಗೆ ಈ ಒಂದು ಸಂಜೆಯೇ ಹಬ್ಬ. ಅದೂ ತಪ್ಪಿದರೆ?

ಅದಕ್ಕೇ ಈ ಸಲ ಲ್ಯಾಪ್‌ಟಾಪ್ ತಂದಿದ್ದಳು. ಗಿಟಾರಿಗೆಂದೇ ಮಾಡಿದ ಭಾರಿ ಸ್ಪೀಕರ್ ಪೆಟ್ಟಿಗೆಗಳ ಮುಂದೆ ಯಾರೋ ಪುಣ್ಯಾತ್ಮರು ಮೈಕು ಇಟ್ಟು, ಒಂದೊಂದು ಪೆಟ್ಟಿಗೆಯೂ ಸದ್ದಿಗೆ ಹೇಗೆ ಓಗೊಡುತ್ತದೆಂದು ಹಿಡಿದಿಟ್ಟ ಚಿಕ್ಕ ಚಿಕ್ಕ ಫೈಲುಗಳು ಅದರಲ್ಲಿದ್ದವು. ಇಂಪಲ್ಸ್ ರೆಸ್ಪಾನ್ಸ್ ಅಂತ ಅವಕ್ಕೆ ಹೆಸರು. ಫೈಲು ಹಾಕಿದರೆ ಸಾಕು, ಗಿಟಾರು ಆ ಪೆಟ್ಟಿಗೆಯೊಳಗಿಂದಲೇ ನುಡಿದಂತೆ ಕೇಳುತ್ತದೆ.

"ಪೆಟ್ಟಿಗೆ ಇಲ್ದೆ ಪೆಟ್ಟಿಗೆ ದನಿಯಾ?" ಬೊಮ್ಮಪ್ಪ ನಕ್ಕಿದ್ದ.

"ಕಳಸದಾಗೆ ದೇವ್ರನ್ನ ಕರೆಯಾಕಿಲ್ವೇನ್ಲಾ? ಅಂಗೇ ಇದೂ," ಅಂದಿದ್ದಳು ಅವನ ಅಕ್ಕ ರಂಗಕ್ಕ, ಹೂ ಕಟ್ಟುತ್ತಲೇ.

ಕೇಳಿ ಕೇಳಿ, ಸೋಸಿ ಸೋಸಿ, ಎರಡು ಉಳಿದಿದ್ದವು. ಒಂದಕ್ಕೆ ಲೋಹಿತಾ ತಂಬಿಗೆ ಅಂತ ಹೆಸರಿಟ್ಟಿದ್ದಳು, ಅಷ್ಟು ಖಣಖಣ. ಇನ್ನೊಂದು ವಾಡೆ. ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ತಲೆ ಹಾಕಿ ಕೂಗಿದಂಥ ತುಂಬು ದನಿ. ಅವಳ ಜೀವವೆಲ್ಲ ವಾಡೆಯ ಮೇಲೆ. ಬೊಮ್ಮಪ್ಪ ಮಾತ್ರ, "ತಂಬಿಗೆ ನನ್ನ ತಲೆ ಮೇಲೆ ಕುಣಿತದೆ, ವಾಡೆ ನನ್ನ ನುಂಗೇ ಬುಡ್ತದೆ," ಅಂತ ಎರಡನ್ನೂ ತಳ್ಳಿಹಾಕಿದ್ದ.

ಈಗ ಅವನು ಸ್ವಾಮಿಯ ಎಡಕ್ಕೊಂದು ಬಲಕ್ಕೊಂದು ಒದ್ದೆ ಸೇವಂತಿಗೆ ಅಂಟಿಸಿ ಕೈಮುಗಿದ. ಬಲದ್ದು ಬಿದ್ದರೆ ಅಪ್ಪಣೆ. ಮೊದಲು ತಂಬಿಗೆ. ಹೂ ಅಲುಗಲಿಲ್ಲ. ಆಮೇಲೆ ವಾಡೆ. ಲೋಹಿತಾ ದಪ್ಪ ತಂತಿ ಮೀಟಿದ್ದೇ ತಡ, ಬಲದ ಹೂ ಪಟಕ್ಕನೆ ಉದುರಿತು.

"ಕೊಟ್ಟ! ಕೊಟ್ಬುಟ್ಟ ನನ್ನಪ್ಪ!" ರಂಗಕ್ಕ ಕೂಗಿದಳು. ಬೊಮ್ಮಪ್ಪ ಗಲ್ಲ ಗಲ್ಲ ಬಡಿದುಕೊಂಡ.

ಲೋಹಿತಾ ಕುಣಿಯಬೇಕಿತ್ತು. ಆದರೆ ಅವಳ ಕಣ್ಣು ಸ್ಪೀಕರಿನ ಮೇಲೆ ಹೋಯಿತು. ಅದು ಸ್ವಾಮಿ ನಿಂತ ಕಲ್ಲುಕಟ್ಟೆಯ ಮೇಲೇ, ಬಲಕ್ಕೆ ಒತ್ತಿಕೊಂಡು ಕೂತಿತ್ತು. ತಂತಿಯನ್ನು ಇನ್ನೊಮ್ಮೆ ಮೆಲ್ಲಗೆ ಮೀಟಿ ಕಟ್ಟೆಯ ಅಂಚಿಗೆ ಅಂಗೈ ಇಟ್ಟಳು. ಕಲ್ಲು ಜುಮ್ಮೆಂದಿತು. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು, ಗಿಟಾರು ಭಜನೆಗೆ. ಬೆಳ್ಳಿಕಣ್ಣಿನ ಆಂಜನೇಯ ಮಾತ್ರ ಅವಳನ್ನೇ ನೋಡುತ್ತಿದ್ದ.

"ದೊಡ್ಡಪ್ಪ, ಸ್ವಾಮಿ ಕೊಟ್ಟಿದ್ದಲ್ಲ. ಸ್ಪೀಕರು ಅದುರಿ ಬಿತ್ತು."

ಬೊಮ್ಮಪ್ಪ ಅವಳನ್ನೊಮ್ಮೆ, ಸ್ಪೀಕರನ್ನೊಮ್ಮೆ ನೋಡಿದ. "ನೀನು ಹೇಳ್ದಿದ್ರೆ ನಂಗೇನ್ ಗೊತ್ತಾಗ್ತಿತ್ತೇ, ಪೆದ್ದಿ?" ಅಂದು ಅದನ್ನೆತ್ತಿ ಬಾಗಿಲ ಬಳಿ ಗೋಣಿಚೀಲದ ಮೇಲಿಟ್ಟ. ಇನ್ನೊಂದು ಹೂ ಅಂಟಿಸಿದ. "ಈಗ ನುಡಿಸು. ವಾಡೇನೇ."

ನುಡಿಸಿದಳು. ಹೂ ಕದಲಲಿಲ್ಲ. ಇನ್ನೊಂದು ಸುತ್ತು ನುಡಿಸಿದರೂ ಇಲ್ಲ. ಅವಳ ಬೆರಳು ಸೋಲತೊಡಗಿತು. ಕಾದು ಬೇಸತ್ತ ರಂಗಕ್ಕ, ಹೊತ್ತು ಹೋಗಲೆಂದು ಒಂದು ದೇವರನಾಮ ಎತ್ತಿಕೊಂಡಳು. ಲೋಹಿತಾ ಅದರಡಿಗೆ ದಪ್ಪ ತಂತಿಯ ದನಿಯನ್ನು ಕಂಬಳಿಯಂತೆ ಹಾಸಿದಳು. ಬೊಮ್ಮಪ್ಪನ ಕೈ ತಾನಾಗಿ ಹಾರ್ಮೋನಿಯಂ ಮೇಲೆ ಹೋಯಿತು. ವಾಡೆ ಅವನನ್ನು ನುಂಗಲಿಲ್ಲ, ಹೆಗಲ ಮೇಲೆ ಕೂರಿಸಿಕೊಂಡಿತು. ಹಾಡಿಗೆ ಹಾಡು ಹತ್ತಿಕೊಂಡು, ಊರವರೂ ಬಂದು ಕೂತು ತಾಳ ಹಾಕಿ, ಹೂವಿನ ಮಾತೇ ಎಲ್ಲರಿಗೂ ಮರೆತುಹೋಯಿತು.

ಮಂಗಳಾರತಿಗೆ ಎದ್ದು ನೋಡಿದರೆ, ಸ್ವಾಮಿಯ ಬಲಪಾದದ ಹತ್ತಿರ ಹೂ ಬಿದ್ದಿತ್ತು.

"ಯಾವಾಗ ಬಿತ್ತಕ್ಕ? ನೀನೇನಾರ ಕಂಡ್ಯಾ?" ಬೊಮ್ಮಪ್ಪ ಹೂ ಎತ್ತಿ ಕಣ್ಣಿಗೊತ್ತಿಕೊಂಡು ಅಕ್ಕನ ಕೈಗಿತ್ತ.

"ಎಲ್ಲಾ ಅಂಗೆ ಕಣ್ ಬುಟ್ಕಂಡು ಕೂತಿದ್ರೆ ಅವನಾದ್ರೂ ಹೆಂಗ್ಲಾ ಕೊಟ್ಟಾನು?" ಅನ್ನುತ್ತ ರಂಗಕ್ಕ ಆ ಹೂವನ್ನು ಗಿಟಾರಿನ ಬಿರಡೆಗೆ ಸಿಕ್ಕಿಸಿದಳು.