ಹಂಡೆಯೊಲೆಯ ಬೂದಿ

ಬಚ್ಚಲಿನ ಬಾಗಿಲು ದಡಾರನೆ ತೆರೆಯಿತು. ಸೊಂಟಕ್ಕೆ ಟವೆಲು ಸುತ್ತಿಕೊಂಡಿದ್ದ ಮುನಿಕೃಷ್ಣಪ್ಪ ಕೆಮ್ಮುತ್ತಾ ಹಿತ್ತಲಿಗೆ ಬಂದ. ಅವನ ಹಿಂದೆಯೇ ಹೊಗೆ ನುಗ್ಗಿತು. ನಾಲ್ಕು ಕಡ್ಡಿ ಗೀರಿದರೂ ಹಂಡೆಯೊಲೆ ಹೊತ್ತಿರಲಿಲ್ಲ.

"ಏನೇ ಇದು? ಒಲೆ ತುಂಬಾ ಬೂದಿ! ತೆಗ್ದು ಎಷ್ಟು ದಿನ ಆಯ್ತು?"

"ಮೂರು ದಿನ," ಎಂದಳು ಚಿಕ್ಕಮುನಿಯಮ್ಮ. ಒಗೆಯುವ ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಬಾಣಸವಾಡಿಯ ಆ ಬೀದಿಯಲ್ಲಿ ಹಂಡೆಯೊಲೆ ಉಳಿದಿದ್ದು ಅವರ ಮನೆಯಲ್ಲೊಂದೇ. ಹೊಗೆ, ಬೂದಿ ಎರಡರಿಂದಲೂ ದೂರ ಇರಿ ಎಂದು ಕಣ್ಣಿನ ಡಾಕ್ಟರು ಅವಳಿಗೆ ಹೇಳಿದ್ದರು. ಹೋದ ಭಾನುವಾರ ನೆಂಟರು ಬಂದಿದ್ದಾಗ ಮಗ ಮುರಳಿ ಮತ್ತೆ ಗೀಸರಿನ ಮಾತೆತ್ತಿದ. ಮುನಿಕೃಷ್ಣಪ್ಪ ಎಲ್ಲರೆದುರು ನಕ್ಕುಬಿಟ್ಟ. "ಗೀಸರ್ ನೀರು ಮೈಗೆ ಹತ್ತಲ್ಲ ಕಣಯ್ಯ. ಹಂಡೆ ನೀರಿಗೆ ಏನು ಕಷ್ಟ? ಕಡ್ಡಿ ಗೀರಿದ್ರೆ ಮುಗೀತು."

ಕಡ್ಡಿ ಗೀರುವವನು ಅವನೇ, ಅದು ಸುಳ್ಳಲ್ಲ. ಆದರೆ ನಲವತ್ತೊಂದು ವರ್ಷದಿಂದ ಅವನು ಏಳುವ ಮೊದಲೇ ಅವಳು ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಗಡಿನ ತುಂಡಿನಿಂದ ಬೂದಿ ಗೋರಿ ಬಾಂಡ್ಲಿಗೆ ತುಂಬಿರುತ್ತಿದ್ದಳು. ಸೌದೆ ಒಟ್ಟಿರುತ್ತಿದ್ದಳು. ಬೂದಿಯ ಅಡಿಯಲ್ಲಿ ಸದ್ದಿಲ್ಲದೆ ಕೂತಿರುತ್ತಿದ್ದ ಹಿಂದಿನ ದಿನದ ಕೆಂಡಗಳು ಅವಳ ಬಲಗೈ ಮಣಿಕಟ್ಟಿನ ಮೇಲೆ ಎಷ್ಟೋ ಗುರುತು ಮಾಡಿದ್ದವು. ಭಾನುವಾರ ಅವಳು ಆ ಮಾತು ಕೇಳಿಸಿಕೊಂಡೇ ನೆಂಟರಿಗೆ ಕಾಫಿ ಕೊಟ್ಟಳು. ಮಾರನೆಯ ದಿನದಿಂದ ತಗಡು ಮುಟ್ಟಲಿಲ್ಲ, ಅಷ್ಟೆ.

"ತೆಗಿ ಮತ್ತೆ, ನಂಗೆ ಹೊತ್ತಾಗ್ತೈತೆ."

"ತೆಗಿಯಲ್ಲ."

ಅವನು ಮನೆಯತ್ತ ತಿರುಗಿ ಕೂಗಿದ. "ಪೂಜಿತಾ! ಒಸಿ ಬಾರಮ್ಮ ಇಲ್ಲಿ. ನಿಮ್ಮತ್ತೆಗೆ ಏನೋ ಬಂದೈತೆ. ಈ ಬೂದಿ ತೆಗ್ದಾಕು."

ಕಲ್ಯಾಣ ನಗರದ ಲ್ಯಾಬಿಗೆ ಕೆಲಸಕ್ಕೆ ಹೊರಟಿದ್ದ ಸೊಸೆ ಹೆಗಲಿನ ಬ್ಯಾಗಿನ ಸಮೇತ ಹಿತ್ತಲಿಗೆ ಬಂದಳು. ಮಾವನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಬ್ಯಾಗು ಕೆಳಗಿಟ್ಟು ವೇಲು ಸೊಂಟಕ್ಕೆ ಬಿಗಿದಳು. ಆ ಕೈ ತಗಡಿನ ಕಡೆ ಚಾಚಿದ್ದೇ ತಡ, ಚಿಕ್ಕಮುನಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಎದ್ದ ರಭಸಕ್ಕೆ ಮಡಿಲಿನ ಸೊಪ್ಪೆಲ್ಲ ಚೆಲ್ಲಾಡಿತು.

"ಮುಟ್ಟಬೇಡ! ಇವತ್ತು ಮುಟ್ಟಿದ್ರೆ ಜೀವಮಾನ ಪೂರ್ತಿ ನೀನೇ ಮುಟ್ಬೇಕಾಗುತ್ತೆ. ಹೋಗು, ನಿನ್ನ ಬಸ್ಸು ಹೋಗ್ಬಿಡುತ್ತೆ!"

ಪೂಜಿತಾ ಬ್ಯಾಗು ಎತ್ತಿಕೊಂಡು ಹೊರಟಳು. ಚಿಕ್ಕಮುನಿಯಮ್ಮ ಕಬ್ಬಿಣದ ಬಾಂಡ್ಲಿಯನ್ನು ಗಂಡನ ಬರಿ ಎದೆಗೆ ಒತ್ತಿ ಹಿಡಿದಳು. "ಕಡ್ಡಿ ಗೀರಿದ್ರೆ ಮುಗೀತು ಅಂದ್ರಲ್ಲ, ನಾಲ್ಕು ಜನದ ಮುಂದೆ? ಗೀರಿದ್ರಲ್ಲ, ಮುಗೀತಾ? ಕೂತ್ಕೊಳ್ಳಿ."

ಮಹಡಿಯ ಬಾಡಿಗೆಯವರು ಬಗ್ಗಿ ನೋಡುವಷ್ಟು ಜೋರಾಗಿತ್ತು ಆ ದನಿ. ಮುನಿಕೃಷ್ಣಪ್ಪ ಕೂತ. ತಗಡನ್ನು ಒಳಗೆ ತೂರಿಸಿ ಒಂದೇ ಸಲಕ್ಕೆ ಎಳೆದ. ಬೂದಿ ಭುಗ್ಗನೆ ಹಾರಿ ಕಣ್ಣು, ಮೂಗು, ಮೀಸೆಗೆಲ್ಲ ಮೆತ್ತಿಕೊಂಡಿತು. ಕೆಂಡವೊಂದು ಕಾಲ್ಬೆರಳ ಮೇಲೆ ಬೀಳುತ್ತಲೇ, "ಅಯ್ಯಪ್ಪಾ!" ಎಂದು ಹಾರಿದ.

"ಮೊದ್ಲು ನೀರು ಚಿಮುಕಿಸ್ಬೇಕು," ಎಂದಳು ಅವಳು ನಿಂತಲ್ಲಿಂದಲೇ. "ಎಲ್ಲಾ ಬಳೀಬೇಡಿ. ತಳದಲ್ಲಿ ಒಂದು ಬೆರಳಷ್ಟು ಬಿಡಿ, ಬೆಂಕಿ ನಿಲ್ಲುತ್ತೆ." ಹೇಳಿದಳೇ ಹೊರತು ಕೈ ಹಚ್ಚಲಿಲ್ಲ.

ಕೊನೆಗೆ ಬಾಂಡ್ಲಿ ತುಂಬಿತು. ಅದನ್ನು ಹಿಡಿದು ಎದ್ದವನು ಅತ್ತಿತ್ತ ನೋಡಿದ. "ಇದನ್ನ ಎಲ್ಲಿಗಾಕ್ಲಿ?"

"ಇಷ್ಟು ವರ್ಷ ಎಲ್ಲಿಗೆ ಹೋಗ್ತಿತ್ತು ಅಂತ ಒಂದ್ಸಲ ಕೇಳಿದ್ರಾ?"

ಕೇಳಿರಲಿಲ್ಲ. ಅದನ್ನವಳು ಎರಡು ದಿನ ಆರಿಸಿ, ಸಿಮೆಂಟ್ ಚೀಲಕ್ಕೆ ತುಂಬಿ, ಬೀದಿ ಕೊನೆಯ ರಾಮಲಕ್ಷ್ಮಮ್ಮನ ಮನೆಯ ತೆಂಗಿನ ಬುಡಕ್ಕೆ ಹೊತ್ತು ಹಾಕುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಅವಳೂ ಈಗ ಹೇಳಲಿಲ್ಲ. ಅವನು ಲುಂಗಿ ಸುತ್ತಿಕೊಂಡು ಬಾಂಡ್ಲಿ ಹೊತ್ತು ಕಸದ ಗಾಡಿಯ ಹತ್ತಿರ ಹೋದ. "ಕೆಂಡ ಇರುತ್ತೆ ಸಾರ್, ಗಾಡಿ ಸುಟ್ಟೋಗುತ್ತೆ," ಎಂದು ಗಾಡಿಯವಳು ಮುಖಕ್ಕೆ ಹೊಡೆದಂತೆ ಹೇಳಿದಳು. ಗಾಳಿ ಬೀಸಿ ಅರ್ಧ ಬೂದಿ ಎದುರುಮನೆಯವರ ಬಿಳಿ ಕಾರಿನ ಮೇಲೆ ಕೂತಿತು. ಅವರೂ ಹೊರಗೆ ಬಂದು ಬಾಯಿಗೆ ಬಂದಂತೆ ಅಂದರು. ಉಳಿದರ್ಧ ಬೂದಿಯ ಸಮೇತ ವಾಪಸು ಬಂದ ಮುನಿಕೃಷ್ಣಪ್ಪ ಬಾಂಡ್ಲಿಯನ್ನು ಹಿತ್ತಲಲ್ಲಿ ಕುಕ್ಕಿ, ಮುಖವನ್ನೂ ತೊಳೆಯದೆ ಮುರಳಿಗೆ ಫೋನು ಮಾಡಿದ.

ಬಚ್ಚಲಿನಲ್ಲಿ ಪಾಯಿಂಟು, ಪೈಪು ಎಲ್ಲ ಮುರಳಿ ಎಂದೋ ಹಾಕಿಸಿಟ್ಟಿದ್ದ. ಮಧ್ಯಾಹ್ನದೊಳಗೆ ಗೀಸರು ಗೋಡೆಯೇರಿತು. ಸಂಜೆ ಸ್ನಾನ ಮುಗಿಸಿ ಬಂದ ಮುನಿಕೃಷ್ಣಪ್ಪನ ಮುಖ ಅರಳಿತ್ತು. "ಚೆನ್ನಾಗೈತೆ ಕಣೇ! ತಿರುಗಿಸಿದ್ರೆ ಸಾಕು, ಸುಡುಸುಡು ನೀರು. ಮೊದ್ಲೇ ಹಾಕಿಸ್ಬಿಡ್ಬೇಕಿತ್ತು."

ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಇಳಿದಿದ್ದ ಅವಳ ಸಿಟ್ಟು ಆ ಮಾತಿಗೆ ಮೊದಲಿಗಿಂತ ಹೆಚ್ಚಾಗಿ ನೆತ್ತಿಗೇರಿತು. ಅಡುಗೆಮನೆಗೆ ನಡೆದಳು.

ಕೆಲಸ ಮುಗಿಸಿ ಬಂದ ಪೂಜಿತಾ ಬಚ್ಚಲಿಗೆ ಇಣುಕಿದವಳೇ ಓಡಿಬಂದು ಅತ್ತೆಯ ತೋಳು ಹಿಡಿದಳು. "ಅತ್ತೆ, ಗೆದ್ಬಿಟ್ರಿ!"

ಚಿಕ್ಕಮುನಿಯಮ್ಮ ತೋಳು ಬಿಡಿಸಿಕೊಂಡಳು.

"ಒಂದು ಬಾಂಡ್ಲಿ ಕಣಮ್ಮ," ಎಂದಳು. "ನಿಮ್ಮ ಮಾವಂಗೆ ಒಂದೇ ಒಂದು ಬಾಂಡ್ಲಿ ಸಾಕಾಯ್ತು."