ಬಿಟ್ಟುಹೋದ ದೀರ್ಘ

ರಸ್ತೆ ತಡೆಯ ಬಳಿ ನೀರು ಹೊತ್ತ ಕತ್ತೆಯನ್ನು ನಿಲ್ಲಿಸಿ, ಹನ್ನೊಂದು ವರ್ಷದ ದೆಕಾ ಕರಿಹಲಗೆಯನ್ನೇ ನೋಡಿದಳು. ಅದು ಅವಳ ಶಾಲೆಯದೇ. ಜಾಲಿ ಮರದ ಕೆಳಗಿನ ಆ ಶಾಲೆಗೆ ಇದ್ದದ್ದು ಅದೊಂದೇ ಹಲಗೆ. ಬಂದೂಕಿನವರು ಅದನ್ನು ಹೊತ್ತೊಯ್ದ ದಿನದಿಂದ ಪಾಠ ನಿಂತಿತ್ತು. ಈಗ ಅದನ್ನು ಎರಡು ಗೂಟಗಳಿಗೆ ಹಗ್ಗದಿಂದ ಬಿಗಿದು, ಮೇಲೆ ಸುಣ್ಣದಲ್ಲಿ ಸೊಮಾಲಿ ಭಾಷೆಯ ಒಂದು ಪದ ಬರೆದಿದ್ದರು.

“ಏನೇ, ನೀರು ಹೊರೋಳಿಗೂ ಓದು ಬರುತ್ತಾ?” ಅಮಲಿನ ಖಾತ್ ಎಲೆ ಜಗಿಯುತ್ತಿದ್ದ ಬಂದೂಕಿನವರ ನಾಯಕ ಲಿಬಾನ್ ನಕ್ಕ. “ಓದು ನೋಡೋಣ, ಎಲ್ರಿಗೂ ಕೇಳಿಸ್ಲಿ.”

“ಜೊಗ್ಸೊ,” ಎಂದು ಓದಿದಳು. “ನಿಲ್ಲು ಅನ್ನೋಕೆ ಜೋಗ್ಸೊ ಅಂತ ಬರೀಬೇಕು, ಚಿಕ್ಕಪ್ಪ. ದೀರ್ಘ ಬಿಟ್ಟುಹೋಗಿದೆ. ಯಾರು ಬರೆದದ್ದು?”

ಕಾಯುತ್ತಿದ್ದ ಲಾರಿಯ ಮೇಲಿಂದ ಯಾರೋ ಕಿಸಕ್ಕೆಂದರು. ಲಿಬಾನನ ದವಡೆ ನಿಂತಿತು. “ನಾನೇ. ಏನೀಗ?”

“ನಮ್ಮ ಮೇಷ್ಟ್ರಾಗಿದ್ರೆ ಹತ್ತು ಸಲ ಬರೆಸೋರು. ಹಲಗೆ ಕೊಡಿ. ಬೆಳಗ್ಗೆ ಹಾಲು ಕರೆದಾದ್ಮೇಲೆ ಪಾಠಕ್ಕೆ ನೀವೂ ಬನ್ನಿ.”

“ನಿಲ್ಲೇ ಅಲ್ಲೇ!”

“ನಿಲ್ಲು ಅಂತ ಇದರಲ್ಲಿ ಎಲ್ಲೂ ಬರೆದಿಲ್ವಲ್ಲ,” ಎಂದು ದೆಕಾ ಮುಂದೆ ನಡೆದು ಮೊದಲ ಗಂಟು ಬಿಚ್ಚಿದಳು. ಹಿಂದೆ ಬಂದೂಕು ಖಟಕ್ಕೆಂದಿತು. ಲಾರಿಯ ಮೇಲಿನ ನಗು ಅಡಗಿತು. ಅವಳು ಎರಡನೇ ಗಂಟಿಗೆ ಕೈ ಹಾಕಿದಳು.