ಎರೆಹುಳ ಕಟ್ಟಿದ ಕಾಗದ

ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು, ಆದರೂ ಹೂಕುಂಡದ ಮಣ್ಣು ಕೆದಕಿ ಎರೆಹುಳದ ಹಸಿ ವಾಸನೆ ಬಂದರೆ ಈಗಲೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

ಆಗ ನಾನು ಹತ್ತನೇ ಕ್ಲಾಸು; ಮಾರನೆಯ ದಿನ ಎಸ್ಸೆಸ್ಸೆಲ್ಸಿ ಪರೀಕ್ಷೆ. ಗೋಡೆಯ ಗೂಡಿನಲ್ಲಿಟ್ಟಿದ್ದ ಹಾಲ್ ಟಿಕೆಟ್ ಮಧ್ಯಾಹ್ನ ನೋಡಿದರೆ ಇಲ್ಲ.

"ಉಳ ಕಟ್ಕೊಳಕೆ ಅಂತ ಅಲ್ಲಿದ್ದ ಕಾಗ್ದವೆಲ್ಲ ನಿಮ್ಮಪ್ಪ ತಕಂಡೋದ್ರು ಕಣಮ್ಮಿ" ಎಂದಳು ಅವ್ವ. ಅಪ್ಪ ಅವ್ವ ಇಬ್ಬರಿಗೂ ಓದು ಬಾರದು. ಅಪ್ಪ ಮೀನು ಹಿಡಿಯುವ, ಸೋಸಲೆ ಊರಾಚೆಗಿನ ಹಳ್ಳಕ್ಕೆ ಓಡಿದೆ.

ಅಪ್ಪ ಮೊಣಕಾಲುದ್ದ ನೀರಿನಲ್ಲಿ ಗಾಳ ಹಿಡಿದು ನಿಂತಿದ್ದ. ಗಾಳ ನೀರಿನಲ್ಲಿದ್ದಾಗ ಯಾರೂ ಕೂಗಬಾರದು, ದಡದಲ್ಲಿರುವವರ ನೆರಳು ಕೂಡ ನೀರಿಗೆ ಬೀಳಬಾರದು ಎಂಬುದು ಅವನ ಕಟ್ಟಳೆ. ಹಾಗಾಗಿ ಬಗ್ಗಿಕೊಂಡೇ ಹತ್ತಿರ ಹೋದೆ. ಕಲ್ಲಿನ ಮೇಲೆ ಒದ್ದೆ ಕಾಗದ, ಅದರ ತುಂಬ ಹೊರಳಾಡುವ ಹುಳಗಳು. ಕೈಹಾಕಿ ಸರಿಸಿದರೆ ನನ್ನ ಸಮಾಜದ ನೋಟ್ಸು. ಹಾಲ್ ಟಿಕೆಟ್ ಅಲ್ಲಿರಲಿಲ್ಲ.

"ಅಪ್ಪಾ, ನನ್ ಹಾಲ್ ಟಿಕೆಟ್!" ಎಂದು ಕಿರುಚಿಯೇ ಬಿಟ್ಟೆ. ಗಾಳದ ದಾರದಲ್ಲಿ ತೇಲುತ್ತ ಅದುರುತ್ತಿದ್ದ ಬೆಂಡು ನಿಂತುಹೋಯಿತು.

"ಓಯ್ತಲ್ಲಮ್ಮಿ ಮೀನು! ಯಾವ ಟಿಕೀಟು, ಬಸ್ಸಿಂದಾ?"

"ನನ್ ಫೋಟೋ ಅಂಟ್ಸಿರೋದು. ಅದಿಲ್ಲ ಅಂದ್ರೆ ನಾಳೆ ಪರೀಕ್ಷೆಗೆ ಒಳಕ್ಕೇ ಬಿಡಲ್ಲ."

ಅಪ್ಪ ಗಾಳದ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದ. ಅದರ ಮಡಿಕೆಯೊಳಗೆ ಹಾಲ್ ಟಿಕೆಟ್ ಒಂದು ಹನಿಯೂ ತಾಗದೆ ಬೆಚ್ಚಗಿತ್ತು.

"ಇದಾ? ನಿನ್ ಮೊಕ ಇರೋದ್ರಲ್ಲಿ ಉಳ ಕಟ್ತಾರಾ? ನೆಂದೋದಾತು ಅಂತ ತಲೆ ಮ್ಯಾಲೆ ಮಡಿಕಂಡೆ."

ಅಳುತ್ತ ನಗುತ್ತ ಕೈ ಚಾಚಿದರೆ ಅಪ್ಪ ಕೊಡಲಿಲ್ಲ.

"ಮೊದ್ಲು ಕೈ ತೊಳ್ಕೊ" ಎಂದ. "ಉಳ ಮುಟ್ಟಿದ್ದೀಯ."